ಆರೈಕೆ ಕೆಲಸದಲ್ಲಿ ಜನ ಉಳಿಯಬೇಕಾದರೆ: ಸಿಬ್ಬಂದಿ ಕೊರತೆಗೆ ವಿನ್ಯಾಸ ಚಿಂತನೆಯ ದಾರಿ

ವೃದ್ಧರು, ವಿಕಲಚೇತನರು ಮತ್ತು ದೀರ್ಘಕಾಲದ ಕಾಯಿಲೆಯಿಂದ ಬಳಲುವವರಿಗೆ ಸ್ನಾನ, ಊಟ, ಔಷಧಿ, ಓಡಾಟಗಳಲ್ಲಿ ನೆರವಾಗುವ ವ್ಯವಸ್ಥೆಗೆ ಇಂಗ್ಲೆಂಡಿನಲ್ಲಿ ಸಾಮಾಜಿಕ ಆರೈಕೆ ಎಂದು ಹೆಸರು. ಆಸ್ಪತ್ರೆಯ ಚಿಕಿತ್ಸೆ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಸೇರಿದ್ದಾದರೆ, ಈ ಆರೈಕೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು. ಉಳ್ಳವರು ಖರ್ಚನ್ನು ತಾವೇ ಭರಿಸುತ್ತಾರೆ, ಇಲ್ಲದವರ ಪಾಲಿಗೆ ಕೌನ್ಸಿಲ್ ಹಣ ಕೊಡುತ್ತದೆ. ಕೆಲಸ ನಡೆಸುವವು ಬಹುಪಾಲು ಖಾಸಗಿ ಸಂಸ್ಥೆಗಳು. ಸುಮಾರು 16 ಲಕ್ಷ ಹುದ್ದೆಗಳಿರುವ ಈ ಕ್ಷೇತ್ರದಲ್ಲಿ ಐದರಲ್ಲಿ ನಾಲ್ವರು ಮಹಿಳೆಯರು.

ಈ ಕ್ಷೇತ್ರದ ಸಿಬ್ಬಂದಿಯ ಲೆಕ್ಕವನ್ನು ಇಡುವ ಸಂಸ್ಥೆ ಸ್ಕಿಲ್ಸ್ ಫಾರ್ ಕೇರ್. ಅದರ ಅಂದಾಜಿನಂತೆ 2021-22ರಲ್ಲಿ ಸುಮಾರು 1.65 ಲಕ್ಷ ಹುದ್ದೆಗಳು ಖಾಲಿ ಇದ್ದವು, ಅಂದರೆ ಹತ್ತು ಹುದ್ದೆಗಳಲ್ಲಿ ಒಂದಕ್ಕೆ ಜನವೇ ಇರಲಿಲ್ಲ. 2024-25ರ ಹೊತ್ತಿಗೆ ಈ ಸಂಖ್ಯೆ 1.11 ಲಕ್ಷಕ್ಕೆ, ಶೇ 7ರಷ್ಟಕ್ಕೆ ಇಳಿಯಿತು. ಆದರೆ ಈ ಇಳಿಕೆ ಕೆಲಸ ಸುಧಾರಿಸಿದ್ದರಿಂದ ಬಂದದ್ದಲ್ಲ. 2022ರ ಫೆಬ್ರುವರಿಯಲ್ಲಿ ಬ್ರಿಟನ್ ತನ್ನ ಆರೋಗ್ಯ ಮತ್ತು ಆರೈಕೆ ವೀಸಾವನ್ನು ಕೇರ್ ವರ್ಕರ್‌ಗಳಿಗೂ ತೆರೆಯಿತು. ನೈಜೀರಿಯಾ, ಭಾರತ, ಜಿಂಬಾಬ್ವೆ ಮೊದಲಾದ ದೇಶಗಳಿಂದ ಜನ ಬಂದರು. 2023-24 ಒಂದೇ ವರ್ಷದಲ್ಲಿ ಹಾಗೆ ಬಂದು ಸೇರಿದವರು ಸುಮಾರು ಒಂದು ಲಕ್ಷ. ಅದೇ ಅವಧಿಯಲ್ಲಿ ಈ ಕೆಲಸದಲ್ಲಿದ್ದ ಬ್ರಿಟಿಷ್ ಪ್ರಜೆಗಳ ಸಂಖ್ಯೆ ಕುಸಿಯುತ್ತಲೇ ಇತ್ತು. 2024ರ ಮಾರ್ಚ್‌ನಲ್ಲಿ ಕುಟುಂಬವನ್ನು ಕರೆತರುವ ಅವಕಾಶ ರದ್ದಾಯಿತು. 2025ರ ಜುಲೈ 22ರಿಂದ ಹೊರದೇಶದಲ್ಲಿರುವವರನ್ನು ಹೊಸದಾಗಿ ಕೇರ್ ವರ್ಕರ್‌ಗಳಾಗಿ ಕರೆಸಿಕೊಳ್ಳುವುದೂ ನಿಂತಿತು. ವರ್ಷಕ್ಕೆ ಸುಮಾರು ನಾಲ್ಕರಲ್ಲಿ ಒಬ್ಬರು ಕೆಲಸ ಬಿಡುವ ಪರಿಸ್ಥಿತಿ ಈಗಲೂ ಇದೆ.

ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೂ ಅದು ತುಂಬುವುದಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ಖರ್ಚಾಗುವ ಹಣ ಮತ್ತು ಶ್ರಮದ ಒಂದು ಪಾಲನ್ನಾದರೂ, ಇರುವವರು ಏಕೆ ಬಿಟ್ಟು ಹೋಗುತ್ತಾರೆ ಎಂದು ತಿಳಿಯುವುದಕ್ಕೆ ಮತ್ತು ಕೆಲಸವನ್ನೇ ಬೇರೆ ರೀತಿ ಕಟ್ಟುವುದಕ್ಕೆ ಬಳಸಬೇಕಾಗುತ್ತದೆ. ವಿನ್ಯಾಸ ಚಿಂತನೆ ನೆರವಿಗೆ ಬರುವುದು ಇಲ್ಲಿ.

ವಿನ್ಯಾಸ ಚಿಂತನೆ ಎಂದರೇನು?

ಡಿಸೈನ್ ಥಿಂಕಿಂಗ್ ಎಂದು ಹೆಸರಾದ ಈ ವಿಧಾನದ ಬೇರು ಉತ್ಪನ್ನ ವಿನ್ಯಾಸದಲ್ಲಿದೆ. ಇರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ಬದಲಿಸಲು ದಾರಿ ಹುಡುಕುವ ಪ್ರತಿಯೊಬ್ಬರೂ ವಿನ್ಯಾಸ ಮಾಡುತ್ತಿರುತ್ತಾರೆ ಎಂಬ ವಿಚಾರವನ್ನು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1969ರಲ್ಲಿ ಮಂಡಿಸಿದರು. ಅಮೆರಿಕದ ಐಡಿಯೊ ಸಂಸ್ಥೆ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಇದನ್ನು ಸೇವೆಗಳಿಗೂ ಅನ್ವಯಿಸಿ ಜನಪ್ರಿಯಗೊಳಿಸಿದವು. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2004ರ ಸುಮಾರಿಗೆ ರೂಪಿಸಿದ ‘ಡಬಲ್ ಡೈಮಂಡ್’ ಮಾದರಿ ಅಲ್ಲಿನ ಸಾರ್ವಜನಿಕ ಸೇವೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ.

ಈ ಮಾದರಿಯಲ್ಲಿ ನಾಲ್ಕು ಹಂತಗಳಿವೆ. ಮೊದಲು ಪರಿಸ್ಥಿತಿಯನ್ನು ಹತ್ತಿರದಿಂದ ನೋಡುವುದು. ನಂತರ ನೋಡಿದ್ದರಲ್ಲಿ ನಿಜವಾದ ಸಮಸ್ಯೆ ಯಾವುದೆಂದು ಖಚಿತಪಡಿಸಿಕೊಳ್ಳುವುದು. ಆಮೇಲೆ ಹಲವು ಪರಿಹಾರಗಳನ್ನು ಯೋಚಿಸುವುದು. ಕೊನೆಗೆ ಅವುಗಳಲ್ಲಿ ಕೆಲವನ್ನು ಸಣ್ಣದಾಗಿ ಪ್ರಯೋಗಿಸಿ, ತಿದ್ದಿ, ಜಾರಿಗೆ ತರುವುದು. ಸಾಮಾನ್ಯ ಆಡಳಿತ ಕ್ರಮಕ್ಕಿಂತ ಇದು ಎರಡು ವಿಷಯಗಳಲ್ಲಿ ಬೇರೆ. ಕೆಲಸ ಮಾಡುವವರು ಮತ್ತು ಆರೈಕೆ ಪಡೆಯುವವರು ಮೊದಲ ದಿನದಿಂದಲೇ ತಂಡದಲ್ಲಿರುತ್ತಾರೆ. ಯಾವ ಬದಲಾವಣೆಯೂ ಸಣ್ಣ ಪ್ರಯೋಗದಲ್ಲಿ ಗೆಲ್ಲದೆ ಇಡೀ ಸಂಸ್ಥೆಗೆ ಹರಡುವುದಿಲ್ಲ.

ಮೊದಲ ಹಂತ: ಹತ್ತಿರದಿಂದ ನೋಡುವುದು

ಬಿಟ್ಟು ಹೋಗುವವರಿಗೆ ಕೊನೆಯ ದಿನ ಫಾರಂ ಕೊಟ್ಟು ಕಾರಣ ಕೇಳುವುದು ಹಲವು ಕಡೆ ಇರುವ ರೂಢಿ. ಅದರಲ್ಲಿ ಹೆಚ್ಚಾಗಿ ‘ವೈಯಕ್ತಿಕ ಕಾರಣ’ ಎಂದಷ್ಟೇ ಬರೆದಿರುತ್ತದೆ. ಇದಕ್ಕಿಂತ ಹೆಚ್ಚು ತಿಳಿಸಿಕೊಡುವ ದಾರಿಗಳು ಮೂರು.

ಒಂದು, ಒಬ್ಬ ಕೆಲಸಗಾರರ ಜೊತೆ ಇಡೀ ಪಾಳಿ ಇದ್ದು ನೋಡುವುದು. ಬೇರೆಯವರ ಮನೆಯೊಳಗೆ, ಸ್ನಾನದ ಕೋಣೆಯವರೆಗೆ ಹೋಗುವ ಕೆಲಸವಿದು. ಆದ್ದರಿಂದ ಆರೈಕೆ ಪಡೆಯುವವರ ಒಪ್ಪಿಗೆ ಮುಂಚೆಯೇ ಇರಬೇಕು, ಖಾಸಗಿ ಆರೈಕೆಯ ಹೊತ್ತಿನಲ್ಲಿ ವೀಕ್ಷಕರು ಹೊರಗೆ ನಿಲ್ಲಬೇಕು. ಎರಡು, ಉಳಿದಿರುವವರ ಜೊತೆ ಮಾತುಕತೆ: ಏಕೆ ಉಳಿದಿದ್ದೀರಿ, ಬಿಡಬೇಕು ಎಂದು ಕೊನೆಯ ಸಲ ಅನ್ನಿಸಿದ್ದು ಯಾವಾಗ ಎಂದು ಕೇಳುವುದು. ಮೂರು, ಕೆಲಸದ ಜಾಹೀರಾತು ಕಣ್ಣಿಗೆ ಬಿದ್ದ ದಿನದಿಂದ ಮೂರನೆಯ ತಿಂಗಳ ಕೊನೆಯವರೆಗೆ ಹೊಸಬರು ಹಾದುಬರುವ ದಾರಿಯನ್ನು ಗೋಡೆಯ ಮೇಲೆ ದೊಡ್ಡ ಹಾಳೆಯಲ್ಲಿ ಬರೆದು, ಎಲ್ಲಿ ಜನ ಉದುರುತ್ತಾರೆ ಎಂದು ಗುರುತಿಸುವುದು.

ಹೀಗೆ ನೋಡಿದಾಗ ಏನು ಕಾಣುತ್ತದೆ ಎನ್ನುವುದಕ್ಕೆ ಮನೆಮನೆಗೆ ಹೋಗುವ ಒಬ್ಬ ಕೇರ್ ವರ್ಕರ್‌ನ ಬೆಳಗಿನ ರೋಟಾವನ್ನು, ಅಂದರೆ ಪಾಳಿಯ ವೇಳಾಪಟ್ಟಿಯನ್ನು, ಕಲ್ಪಿಸಿಕೊಳ್ಳಬಹುದು. ಏಳು ಗಂಟೆಗೆ ಮೊದಲ ಮನೆ. ಹತ್ತೂವರೆಯೊಳಗೆ ಅರ್ಧ ಗಂಟೆಯ ಆರು ಭೇಟಿಗಳು, ನಡುವೆ ಒಟ್ಟು ಅರ್ಧ ಗಂಟೆ ಕಾರಿನ ಪ್ರಯಾಣ. ಅಲ್ಲಿಂದ ಹನ್ನೆರಡರವರೆಗೆ ಭೇಟಿಗಳಿಲ್ಲ; ಮನೆಗೆ ಹೋಗಿ ಬರುವಷ್ಟು ಹೊತ್ತೂ ಇಲ್ಲ, ಆಕೆ ಕಾರಿನಲ್ಲೇ ಕೂತಿರುತ್ತಾಳೆ. ಹನ್ನೆರಡರಿಂದ ಎರಡೂವರೆಯವರೆಗೆ ಮತ್ತೆ ನಾಲ್ಕು ಭೇಟಿಗಳು, ಅರ್ಧ ಗಂಟೆ ಪ್ರಯಾಣ. ಭೇಟಿಯ ಹೊತ್ತಿಗೆ ಮಾತ್ರ ಗಂಟೆಗೆ 15 ಪೌಂಡ್ ಕೊಡುವ ಸಂಸ್ಥೆಯಾದರೆ ಆಕೆಗೆ ಸಿಗುವುದು ಐದು ಗಂಟೆಯ ಸಂಬಳ, 75 ಪೌಂಡ್. ಒಂದು ಭೇಟಿಯಿಂದ ಇನ್ನೊಂದಕ್ಕೆ ಹೋಗುವ ಪ್ರಯಾಣದ ಹೊತ್ತನ್ನೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಬ್ರಿಟನ್ನಿನ ಕಾನೂನು. ಐದು ಗಂಟೆ ಭೇಟಿಗೆ ಒಂದು ಗಂಟೆ ಪ್ರಯಾಣ ಸೇರಿಸಿದರೆ ಗಂಟೆಗೆ ಹನ್ನೆರಡೂವರೆ ಪೌಂಡ್ ಆಗುತ್ತದೆ. 2025ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದ 12.21 ಪೌಂಡ್ ಕನಿಷ್ಠ ದರಕ್ಕಿಂತ ಇದು ಮೇಲಿದೆ. ಕಾನೂನಿನ ಲೆಕ್ಕ ಸರಿಹೋಯಿತು. ಆದರೆ ಆಕೆ ಹೊರಗಿದ್ದದ್ದು ಏಳೂವರೆ ಗಂಟೆ. ಆಕೆಯ ಲೆಕ್ಕದಲ್ಲಿ ಗಂಟೆಗೆ ಬಂದದ್ದು 10 ಪೌಂಡ್. ಪಕ್ಕದ ಸೂಪರ್‌ಮಾರ್ಕೆಟ್ ಕೊಡುವುದು ಅದಕ್ಕಿಂತ ಹೆಚ್ಚು, ಅಲ್ಲಿ ಪಾಳಿಯ ಮಧ್ಯೆ ಇಷ್ಟು ಉದ್ದದ ಕೂಲಿಯಿಲ್ಲದ ಬಿಡುವೂ ಇಲ್ಲ.

ಸಂಬಳದ ಪಟ್ಟಿಯನ್ನಷ್ಟೇ ನೋಡುವ ಮ್ಯಾನೇಜರ್‌ಗೆ ಕಾಣುವುದು 15 ಪೌಂಡ್. ಪಾಳಿಯನ್ನು ಜೊತೆಗಿದ್ದು ನೋಡಿದವರಿಗೆ ಕಾಣುವುದು ಕಾರಿನಲ್ಲಿ ಕೂತು ಕಳೆದ ಆ ಒಂದೂವರೆ ಗಂಟೆ.

ಎರಡನೆಯ ಹಂತ: ಸಮಸ್ಯೆಯನ್ನು ಸರಿಯಾಗಿ ಹೇಳಿಕೊಳ್ಳುವುದು

‘ಜನ ಸಿಗುತ್ತಿಲ್ಲ’ ಎನ್ನುವುದು ದೂರು. ಅದನ್ನು ಕೆಲಸಕ್ಕೆ ಬರುವ ಪ್ರಶ್ನೆಯಾಗಿ ಮಾರ್ಪಡಿಸುವುದು ಈ ಹಂತದ ಉದ್ದೇಶ. ಒಳ್ಳೆಯ ಪ್ರಶ್ನೆಯಲ್ಲಿ ಯಾರು, ಯಾವಾಗ, ಯಾವ ತೊಡಕು ಎಂಬ ಮೂರೂ ಇರಬೇಕು. ಪರಿಹಾರ ಮೊದಲೇ ಅದರೊಳಗೆ ಅಡಗಿರಬಾರದು. ‘ಹೊಸ ರೋಟಾ ತಂತ್ರಾಂಶ ತರುವುದು ಹೇಗೆ?’ ಎಂದರೆ ಉತ್ತರವನ್ನು ಮೊದಲೇ ಆರಿಸಿಕೊಂಡಂತಾಯಿತು. ‘ಶಾಲೆಗೆ ಹೋಗುವ ಮಕ್ಕಳಿರುವ ತಾಯಂದಿರು ಬೆಳಗಿನ ಪಾಳಿಯಲ್ಲಿ ಹೊತ್ತು ಪೋಲಾಗದಂತೆ ದುಡಿಯುವುದು ಹೇಗೆ?’ ಎಂದರೆ ಹಲವು ಉತ್ತರಗಳಿಗೆ ಜಾಗ ಉಳಿಯುತ್ತದೆ.

ಪ್ರಶ್ನೆಯನ್ನು ಆರಿಸುವಾಗ ಲಭ್ಯವಿರುವ ಅಂಕಿಅಂಶವನ್ನೂ ನೋಡಬೇಕು. ಕನಿಷ್ಠ ದರಕ್ಕಿಂತ ಹೆಚ್ಚು ಸಂಬಳ, ಖಚಿತ ಗಂಟೆಗಳಿರುವ ಒಪ್ಪಂದ, ಬೇಕೆಂದರೆ ಪೂರ್ಣಾವಧಿ ಕೆಲಸ, ತರಬೇತಿ, ಸಂಬಂಧಪಟ್ಟ ಅರ್ಹತಾಪತ್ರ, ಈ ಐದೂ ಇರುವವರು ಕೆಲಸ ಬಿಡುವ ಪ್ರಮಾಣ ಕಡಿಮೆ ಎಂದು ಸ್ಕಿಲ್ಸ್ ಫಾರ್ ಕೇರ್‌ನ ವಿಶ್ಲೇಷಣೆ ತೋರಿಸಿದೆ. ಸಂಸ್ಥೆಯೊಂದು ತನ್ನಲ್ಲಿ ಈ ಐದರಲ್ಲಿ ಯಾವುದು ದುರ್ಬಲ ಎಂದು ನೋಡಿಕೊಂಡರೆ ಪ್ರಶ್ನೆ ಬೇಗ ಸ್ಪಷ್ಟವಾಗುತ್ತದೆ. ಒಮ್ಮೆಗೆ ಒಂದೇ ಪ್ರಶ್ನೆ ಸಾಕು.

ಮೂರನೆಯ ಹಂತ: ಪರಿಹಾರಗಳನ್ನು ಯೋಚಿಸುವುದು

ಕೆಲಸಗಾರರು, ಆರೈಕೆ ಪಡೆಯುವವರು, ಮನೆಯವರು, ರೋಟಾ ಬರೆಯುವವರು ಒಂದೇ ಮೇಜಿನ ಸುತ್ತ ಕೂರುವುದು ಈ ಹಂತದ ಮುಖ್ಯ ಅಂಶ. ಹೀಗೆ ಕೂತ ಹೊತ್ತಿಗೂ ಕೆಲಸಗಾರರಿಗೆ ಸಂಬಳ ಕೊಡಬೇಕು. ಬಿಡುವಿನ ದಿನ ಕರೆದು ಅಭಿಪ್ರಾಯ ಕೇಳುವುದು ಹೊರೆಯ ಮೇಲೆ ಹೊರೆ. ಬೇರೆ ಕಡೆ ನಡೆದ ಪ್ರಯತ್ನಗಳನ್ನು ತಂಡದ ಮುಂದಿಟ್ಟರೆ ಚರ್ಚೆಗೆ ಒಂದು ದಿಕ್ಕು ಸಿಗುತ್ತದೆ. ಅಂಥ ನಾಲ್ಕು ಮಾದರಿಗಳು ಇಲ್ಲಿವೆ.

ಪಾಳಿ ಬದಲಾವಣೆ: ಅಮೆರಿಕದ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವಾಗ ನರ್ಸ್‌ಗಳು ಮೊದಲ 45 ನಿಮಿಷವನ್ನು ತಮ್ಮ ಕೌಂಟರ್‌ನಲ್ಲಿ ಮಾಹಿತಿ ಹಸ್ತಾಂತರಕ್ಕೇ ಕಳೆಯುತ್ತಿದ್ದರು. ನರ್ಸ್‌ಗಳನ್ನೇ ಸೇರಿಸಿಕೊಂಡು ಐಡಿಯೊ ತಂಡ ಹೊಸ ಕ್ರಮ ರೂಪಿಸಿತು. ಹಸ್ತಾಂತರ ರೋಗಿಯ ಹಾಸಿಗೆಯ ಬಳಿ, ರೋಗಿಯ ಎದುರಿಗೇ ನಡೆಯತೊಡಗಿತು. ನರ್ಸ್ ಬಂದ ಮೇಲೆ ರೋಗಿಯನ್ನು ಮೊದಲು ಮಾತನಾಡಿಸಲು ಹಿಡಿಯುತ್ತಿದ್ದ ಸಮಯ ಅರ್ಧಕ್ಕಿಂತ ಕಡಿಮೆಯಾಯಿತು. ಇದು ಆಸ್ಪತ್ರೆಯ ಉದಾಹರಣೆಯಾದರೂ ಮೂರು ಪಾಳಿಯಲ್ಲಿ ನಡೆಯುವ ಯಾವ ಕೇರ್ ಹೋಮ್‌ಗೂ ಅನ್ವಯಿಸುತ್ತದೆ.

ಸಣ್ಣ ಸ್ವಯಮಾಡಳಿತ ತಂಡಗಳು: ನೆದರ್ಲೆಂಡ್ಸ್‌ನಲ್ಲಿ ಯೋಸ್ ಡೆ ಬ್ಲಾಕ್ 2006ರಲ್ಲಿ ಆರಂಭಿಸಿದ ಬ್ಯೂರ್ಟ್‌ಜೋರ್ಗ್ ಸಂಸ್ಥೆಯಲ್ಲಿ ಹೆಚ್ಚೆಂದರೆ 12 ಜನರ ತಂಡಗಳು ಒಂದೊಂದು ಬಡಾವಣೆಯನ್ನು ನೋಡಿಕೊಳ್ಳುತ್ತವೆ. ಯಾರು ಯಾವ ಮನೆಗೆ ಹೋಗಬೇಕು, ರಜೆ ಹೇಗೆ ಹಂಚಿಕೊಳ್ಳಬೇಕು, ಹೊಸಬರಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ತಂಡವೇ ನಿರ್ಧರಿಸುತ್ತದೆ. ಮೇಲೆ ಮ್ಯಾನೇಜರ್‌ಗಳ ಶ್ರೇಣಿಯಿಲ್ಲ. ಸಲಹೆಗೆ ಕೋಚ್‌ಗಳಿದ್ದಾರೆ, ಲೆಕ್ಕಪತ್ರಕ್ಕೆ ಸಣ್ಣ ಕಚೇರಿಯಿದೆ. ನಾಲ್ವರಿಂದ ಆರಂಭವಾದ ಸಂಸ್ಥೆಯಲ್ಲಿ ಈಗ ಸಾವಿರಾರು ನರ್ಸ್‌ಗಳಿದ್ದಾರೆ. ಅಲ್ಲಿನವರು ತರಬೇತಿ ಪಡೆದ ನರ್ಸ್‌ಗಳು ಮತ್ತು ಅಲ್ಲಿನ ಹಣಕಾಸಿನ ವ್ಯವಸ್ಥೆ ಬೇರೆ ಎಂಬುದನ್ನು ಮರೆಯದೆ ಈ ಮಾದರಿಯಿಂದ ಕಲಿಯಬೇಕು.

ಊರಿನವರೇ ನಡೆಸುವ ಕಿರು ಉದ್ಯಮ: ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಯಲ್ಲಿ ಹಳ್ಳಿಗಳು ದೂರದೂರ. ಪಟ್ಟಣದ ಏಜೆನ್ಸಿಗಳು ಅಲ್ಲಿಗೆ ಜನರನ್ನು ಕಳಿಸಲು ಒದ್ದಾಡುತ್ತಿದ್ದವು. ಅಲ್ಲಿನ ಕೌನ್ಸಿಲ್ ಕಮ್ಯುನಿಟಿ ಕ್ಯಾಟಲಿಸ್ಟ್ಸ್ ಎಂಬ ಸಂಸ್ಥೆಯೊಂದಿಗೆ ಸೇರಿ, ತಮ್ಮೂರಿನಲ್ಲೇ ಕೆಲವು ಮನೆಗಳಿಗೆ ನೆರವು ನೀಡಬಯಸುವ ವ್ಯಕ್ತಿಗಳು ಸ್ವಂತ ಕಿರು ಉದ್ಯಮ ಆರಂಭಿಸಲು ತರಬೇತಿ, ವಿಮೆ, ನಿಯಮಗಳ ಬಗ್ಗೆ ಮಾರ್ಗದರ್ಶನ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಇಂಥವರ ಸಂಖ್ಯೆ ನೂರಾರಕ್ಕೆ ಬೆಳೆಯಿತು. ಏಜೆನ್ಸಿಯ ಪಾಳಿಗೆ ಎಂದೂ ಅರ್ಜಿ ಹಾಕದವರು ಪಕ್ಕದ ಬೀದಿಯ ಕೆಲಸಕ್ಕೆ ಮುಂದೆ ಬಂದರು.

ಇಬ್ಬರ ಕೆಲಸ ಒಬ್ಬರಿಂದ: ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸಲು ಇಬ್ಬರು ಬೇಕು ಎಂಬುದು ಹಳೆಯ ಕ್ರಮ. ಈಗ ಬಂದಿರುವ ಹೋಯ್ಸ್ಟ್, ಜಾರುಹಾಸು, ಹಾಸಿಗೆಯಲ್ಲೇ ಮಗ್ಗುಲು ಬದಲಿಸುವ ಸಾಧನಗಳಿಂದ ಕೆಲವು ಮನೆಗಳಲ್ಲಿ ಒಬ್ಬರೇ ಸುರಕ್ಷಿತವಾಗಿ ಈ ಕೆಲಸ ಮಾಡಬಹುದು. ಬ್ರಿಟನ್ನಿನ ಹಲವು ಕೌನ್ಸಿಲ್‌ಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಮನೆಮನೆಗೆ ಹೋಗಿ ಮರುಪರಿಶೀಲನೆ ಮಾಡಿದ್ದಾರೆ. ಥೆರಪಿಸ್ಟ್ ನೋಡಿ ಒಪ್ಪದೆ, ಆರೈಕೆ ಪಡೆಯುವವರು ಸಮ್ಮತಿಸದೆ, ಕೆಲಸಗಾರರಿಗೆ ತರಬೇತಿ ಕೊಡದೆ ಇದನ್ನು ಮಾಡುವಂತಿಲ್ಲ. ಜನ ಕಡಿಮೆ ಇದ್ದಾರೆಂದು ಒಬ್ಬರನ್ನೇ ಕಳಿಸಿದರೆ ಅದು ಬೆನ್ನುಮೂಳೆಗೆ ಅಪಾಯ, ರೋಗಿಗೂ ಅಪಾಯ.

ಜಾಹೀರಾತಿನಿಂದ ಮೂರನೆಯ ತಿಂಗಳವರೆಗೆ

ಹೊಸಬರನ್ನು ಸೇರಿಸಿಕೊಳ್ಳುವ ದಾರಿಯನ್ನೂ ಇದೇ ಕ್ರಮದಲ್ಲಿ ತಿದ್ದಬಹುದು. ‘ಅನುಭವ ಅಗತ್ಯ, ಸ್ವಂತ ಕಾರು ಕಡ್ಡಾಯ, ಯಾವುದೇ ಪಾಳಿಗೆ ಸಿದ್ಧರಿರಬೇಕು, ಆಕರ್ಷಕ ವೇತನ’ ಎಂಬ ಜಾಹೀರಾತು ಓದುವವರಿಗೆ ಏನನ್ನೂ ಹೇಳುವುದಿಲ್ಲ. ಕೆಲಸದಲ್ಲಿ ಈಗಾಗಲೇ ಇರುವವರನ್ನು ಕೇಳಿ ಬರೆದರೆ ಅದು ಬೇರೆಯಾಗುತ್ತದೆ: ಯಾವ ಬಡಾವಣೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಷ್ಟು ವಾರಾಂತ್ಯ ದುಡಿಯಬೇಕು, ಪ್ರಯಾಣದ ಹೊತ್ತು ಸೇರಿ ಗಂಟೆಗೆ ಎಷ್ಟು, ಮೊದಲ ಎರಡು ವಾರ ಜೊತೆಗೆ ಯಾರು ಬರುತ್ತಾರೆ. ಅನುಭವಕ್ಕಿಂತ ಸ್ವಭಾವಕ್ಕೆ ಹೆಚ್ಚು ಬೆಲೆ ಕೊಡುವ ಮೌಲ್ಯಾಧಾರಿತ ನೇಮಕಾತಿಯಿಂದ ಉಳಿಯುವವರ ಪ್ರಮಾಣ ಹೆಚ್ಚುತ್ತದೆ ಎಂದು ಅದನ್ನು ಅಳವಡಿಸಿಕೊಂಡ ಸಂಸ್ಥೆಗಳು ಹೇಳುತ್ತವೆ. ಸಂದರ್ಶನದಲ್ಲಿ ‘ತಿನ್ನಲು ಒಲ್ಲೆ ಎನ್ನುವ ಅಜ್ಜಿಯ ಮುಂದೆ ನೀವು ಏನು ಮಾಡುತ್ತೀರಿ?’ ಎಂದು ಕೇಳುವುದು, ಆರೈಕೆ ಪಡೆಯುವ ಒಬ್ಬರನ್ನು ಸಂದರ್ಶಕರ ಸಾಲಿನಲ್ಲಿ ಕೂರಿಸುವುದು ಇದರ ಭಾಗ.

ಆಯ್ಕೆಯಾದವರ ಹಿನ್ನೆಲೆ ಪರಿಶೀಲನೆ ಮುಗಿಯಲು ಇಂಗ್ಲೆಂಡಿನಲ್ಲಿ ಕೆಲವು ವಾರ ಹಿಡಿಯುವುದುಂಟು. ಆ ನಡುವೆ ಸಂಸ್ಥೆಯಿಂದ ಒಂದು ಫೋನೂ ಬರದಿದ್ದರೆ ಅಭ್ಯರ್ಥಿ ಬೇರೆ ಕಡೆ ಸೇರಿಬಿಡುತ್ತಾರೆ. ವಾರಕ್ಕೊಮ್ಮೆ ಕರೆ ಮಾಡುವುದು, ತಂಡದವರ ಪರಿಚಯ ಮಾಡಿಸುವುದು, ತರಗತಿಯ ತರಬೇತಿಯನ್ನು ಆಗಲೇ ಶುರುಮಾಡುವುದು ಹೆಚ್ಚು ಖರ್ಚಿಲ್ಲದ ಬದಲಾವಣೆಗಳು. ಕೆಲಸ ಶುರುವಾದ ಮೇಲೆ ಮೊದಲ ವಾರ, ಮೊದಲ ತಿಂಗಳು, ಮೂರನೆಯ ತಿಂಗಳು ಒಬ್ಬ ಹಿರಿಯರು ಕೂತು ಮಾತನಾಡಿಸಬೇಕು.

ನಾಲ್ಕನೆಯ ಹಂತ: ಸಣ್ಣದಾಗಿ ಪ್ರಯೋಗಿಸುವುದು

ಮೇಲಿನ ರೋಟಾ ಉದಾಹರಣೆಗೇ ಮರಳಿದರೆ, ಒಂದು ತಂಡ ಹೀಗೆ ಪ್ರಯೋಗ ನಡೆಸಬಹುದು. ಇನ್ಸುಲಿನ್, ನಿಗದಿತ ಔಷಧಿಯಂಥ ಗಂಟೆಗೆ ಕಟ್ಟುಬಿದ್ದ ಭೇಟಿಗಳನ್ನು ಕೆಂಪಿನಲ್ಲಿ ಗುರುತಿಸುವುದು. ಉಳಿದ ಮನೆಯವರನ್ನು ‘ಹತ್ತರ ಬದಲು ಹನ್ನೊಂದಕ್ಕೆ ಬಂದರೆ ಆಗುತ್ತದೆಯೇ?’ ಎಂದು ಕೇಳುವುದು. ಒಪ್ಪಿದವರ ಭೇಟಿಯನ್ನು ಖಾಲಿ ಹೊತ್ತಿಗೆ ಸರಿಸುವುದು. ಅಕ್ಕಪಕ್ಕದ ಬೀದಿಗಳನ್ನು ಒಬ್ಬರಿಗೇ ಕೊಡುವುದು. ಹೊಸ ತಂತ್ರಾಂಶದ ಅಗತ್ಯವಿಲ್ಲ. ಊರಿನ ನಕ್ಷೆ ಮತ್ತು ಬಣ್ಣದ ಚೀಟಿಗಳು ಸಾಕು. ಆರು ವಾರ ಒಂದೇ ತಂಡದಲ್ಲಿ ನಡೆಸಿ, ಫಲ ನೋಡಿ ಮುಂದುವರಿಯಬೇಕು.

ಫಲವನ್ನು ಅಳೆಯಲು ಖಾಲಿ ಹುದ್ದೆಗಳ ಸಂಖ್ಯೆಯೊಂದೇ ಸಾಲದು, ಏಕೆಂದರೆ ಅದು ಬದಲಾಗುವುದು ನಿಧಾನ. ಬೇಗ ಸುಳಿವು ಕೊಡುವ ಅಳತೆಗಳು ಬೇರೆ ಇವೆ:

• ಮೊದಲ 90 ದಿನಗಳಲ್ಲಿ ಬಿಟ್ಟವರು ಎಷ್ಟು?
• ಕೊನೆಯ ಗಳಿಗೆಯಲ್ಲಿ ಬದಲಾದ ಪಾಳಿಗಳು ಎಷ್ಟು?
• ತಡವಾದ ಅಥವಾ ತಪ್ಪಿದ ಭೇಟಿಗಳು ಎಷ್ಟು?
• ಅನಾರೋಗ್ಯ ರಜೆಯ ದಿನಗಳು ಎಷ್ಟು?
• ಒಬ್ಬ ವೃದ್ಧರ ಮನೆಗೆ ವಾರದಲ್ಲಿ ಎಷ್ಟು ಬೇರೆಬೇರೆ ಮುಖಗಳು ಹೋದವು?

ಯಾವ ಸೂಚನೆ ಕಂಡರೆ ಪ್ರಯೋಗವನ್ನು ನಿಲ್ಲಿಸಬೇಕು ಎಂಬುದನ್ನೂ ಆರಂಭದಲ್ಲೇ ಬರೆದಿಡಬೇಕು. ಔಷಧಿ ತಪ್ಪಿದ ಒಂದು ಪ್ರಕರಣವೂ ಅಂಥ ಸೂಚನೆಯೇ.

ವಿನ್ಯಾಸದಿಂದ ಆಗದ್ದು

ರೋಟಾ ಎಷ್ಟೇ ಚೆನ್ನಾಗಿದ್ದರೂ ಕಡಿಮೆ ಸಂಬಳವನ್ನು ಅದು ಮರೆಮಾಚಲಾರದು. ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳು ಸಂಸ್ಥೆಗಳಿಗೆ ಕೊಡುವ ದರ ಕಡಿಮೆಯಿದ್ದಾಗ ಸಂಸ್ಥೆಗಳು ಕೆಲಸಗಾರರಿಗೆ ಹೆಚ್ಚು ಕೊಡಲಾರವು. ಇದು ಸರ್ಕಾರದ ಮಟ್ಟದಲ್ಲಿ ತೀರ್ಮಾನವಾಗಬೇಕಾದ ವಿಷಯ. ಕೆಲಸಗಾರರ ಹಕ್ಕುಗಳ ರಕ್ಷಣೆಯೂ ಹಾಗೆಯೇ. 2022ರ ಜುಲೈನಿಂದ 2024ರ ಕೊನೆಯವರೆಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಉದ್ಯೋಗದಾತರಿಗಿದ್ದ, ಹೊರದೇಶದವರನ್ನು ವೀಸಾದಡಿ ಕರೆಸಿಕೊಳ್ಳುವ ಪರವಾನಗಿಯನ್ನು ಬ್ರಿಟಿಷ್ ಸರ್ಕಾರ ರದ್ದುಪಡಿಸಿತು. ಅವರಡಿ ಇದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ಸಾಲ ಮಾಡಿ ಹೋಗಿ ಅಲ್ಲಿ ಕೆಲಸವೇ ಸಿಗದ ಭಾರತೀಯರ ಕಥೆಗಳೂ ಈ ಅವಧಿಯಲ್ಲಿ ಹೊರಬಂದವು. ಶೋಷಣೆಯನ್ನು ತಡೆಯಲು ಬೇಕಾದದ್ದು ಕಾನೂನು ಮತ್ತು ತಪಾಸಣೆ. ವಿನ್ಯಾಸಕ್ಕೆ ಇನ್ನೊಂದು ಮಿತಿಯೂ ಇದೆ: ‘ನಿಮ್ಮ ಅಭಿಪ್ರಾಯ ಹೇಳಿ’ ಎಂದು ಕರೆದು, ಹೇಳಿದ್ದರಲ್ಲಿ ಒಂದನ್ನೂ ಮಾಡದಿದ್ದರೆ ಉಳಿದ ನಂಬಿಕೆಯೂ ಹೋಗುತ್ತದೆ. ಏನು ಆಗದು, ಏಕೆ ಆಗದು ಎಂದು ತಂಡಕ್ಕೆ ನೇರವಾಗಿ ಹೇಳುವುದು ಇದಕ್ಕಿಂತ ಮೇಲು.

ಕರ್ನಾಟಕದ ಸಂಸ್ಥೆಗಳಿಗೆ

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯಂತೆ ಭಾರತದಲ್ಲಿ 60 ದಾಟಿದವರು 2022ರಲ್ಲಿ ಸುಮಾರು 14.9 ಕೋಟಿ ಇದ್ದರು. 2050ಕ್ಕೆ ಇದು 34.7 ಕೋಟಿ ಆಗುವ ಅಂದಾಜಿದೆ. ದಕ್ಷಿಣದ ರಾಜ್ಯಗಳಲ್ಲಿ ವೃದ್ಧರ ಪ್ರಮಾಣ ಈಗಾಗಲೇ ಹೆಚ್ಚು. ಬೆಂಗಳೂರು, ಮಂಗಳೂರು, ಮೈಸೂರುಗಳಲ್ಲಿ ಹೋಂ ನರ್ಸ್‌ಗಳಿಗೆ ಬೇಡಿಕೆಯಿದೆ, ಆದರೆ ಬಂದವರು ನಿಲ್ಲುವುದಿಲ್ಲ ಎಂಬ ದೂರು ಏಜೆನ್ಸಿಗಳಿಂದಲೂ ಮನೆಯವರಿಂದಲೂ ಕೇಳಿಬರುತ್ತದೆ.

ಇಲ್ಲಿನ ಪ್ರಶ್ನೆಗಳು ಬೇರೆ. ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿಗೆ ಬಂದ ಹೋಂ ನರ್ಸ್ ಮಲಗುವುದು ಎಲ್ಲಿ? ರಾತ್ರಿ ಮೂರು ಸಲ ಎದ್ದ ಮರುದಿನ ಆಕೆಗೆ ನಿದ್ದೆಗೆ ಹೊತ್ತು ಯಾವಾಗ? ಅಜ್ಜನ ಆರೈಕೆಗೆ ಬಂದವಳಿಗೆ ಮನೆಯವರೆಲ್ಲರ ಪಾತ್ರೆ ತೊಳೆಯುವ ಕೆಲಸ ಬಿದ್ದರೆ ಆಕೆ ಯಾರಿಗೆ ಹೇಳಬೇಕು? ಕಮಿಷನ್ ಕಳೆದು ಕೈಗೆ ಬರುವುದು ಎಷ್ಟು ಎಂದು ಆಕೆಗೆ ಮೊದಲೇ ಗೊತ್ತಿದೆಯೇ? ಇವುಗಳ ಉತ್ತರವನ್ನು ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು, ಮನೆಯವರು, ಹೋಂ ನರ್ಸ್, ಏಜೆನ್ಸಿ ಮೂವರೂ ಸಹಿ ಹಾಕುವುದು ಮೊದಲ ಪ್ರಯೋಗವಾಗಬಹುದು. ಆಕೆ ಹೊರ ರಾಜ್ಯದವಳಾದರೆ ಅದೇ ಪುಟ ಆಕೆಯ ಭಾಷೆಯಲ್ಲೂ ಇರಬೇಕು. ವಾರದ ರಜೆಗೆ ಬದಲಿ ಯಾರು ಎಂಬುದು ಅದೇ ಪುಟದಲ್ಲಿರಬೇಕು.

ಇಪ್ಪತ್ತು ಹಾಸಿಗೆಯ ವೃದ್ಧಾಶ್ರಮವೊಂದು ಮೂರು ತಿಂಗಳಲ್ಲಿ ಇಡೀ ಕ್ರಮವನ್ನು ಒಮ್ಮೆ ನಡೆಸಬಹುದು. ಮೊದಲ ಮೂರು ವಾರ ಹಗಲು ಮತ್ತು ರಾತ್ರಿಯ ಪಾಳಿಗಳಲ್ಲಿ ಜೊತೆಗಿದ್ದು ನೋಡುವುದು, ಆಯಾಗಳನ್ನೂ ನಿವಾಸಿಗಳನ್ನೂ ಮಾತನಾಡಿಸುವುದು. ನಾಲ್ಕನೆಯ ವಾರ ಒಂದು ಪ್ರಶ್ನೆ ಆರಿಸುವುದು. ಐದು ಮತ್ತು ಆರನೆಯ ವಾರ ಒಟ್ಟಿಗೆ ಕೂತು ಪರಿಹಾರಗಳನ್ನು ಪಟ್ಟಿಮಾಡಿ ಒಂದನ್ನು ಆರಿಸುವುದು. ಏಳರಿಂದ ಹನ್ನೆರಡನೆಯ ವಾರದವರೆಗೆ ಒಂದು ಪಾಳಿಯಲ್ಲಿ ಪ್ರಯೋಗ, ವಾರಕ್ಕೊಮ್ಮೆ ಅಳತೆ. ಹದಿಮೂರನೆಯ ವಾರ ಉಳಿಸಿಕೊಳ್ಳಬೇಕೇ, ತಿದ್ದಬೇಕೇ, ಬಿಡಬೇಕೇ ಎಂಬ ತೀರ್ಮಾನ. ಆ ತೀರ್ಮಾನದ ಸಭೆಯಲ್ಲಿ ಪ್ರಯೋಗದಲ್ಲಿ ದುಡಿದವರ ಮಾತಿಗೆ ಮೊದಲ ಸ್ಥಾನವಿರಬೇಕು; ನಂತರ ಮುಂದಿನ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬಹುದು.